ಮುಂಭಾರ, ಹಿಂಭಾರ

ನೊಗ ಹೂಡಿ ಚಕ್ಕಡಿ ಹೊಡೆದ ತಲೆಮಾರು ನಮ್ಮ ಮನೆಗಳಿಂದ ಇನ್ನೂ ಪೂರ್ತಿಯಾಗಿ ಮರೆಯಾಗಿಲ್ಲ. ಗೋವೆಯ ವಾಸ್ಕೋ, ಝುವಾರಿನಗರ, ಫೋಂಡಾ, ಮಾಪುಸಾ, ಮಡಗಾಂವಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬಹಳಷ್ಟು ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳದ ಕಡೆಯ ಒಕ್ಕಲುತನದ ಮನೆಗಳವು. ಗಡಿ ದಾಟಿ ಬಂದ ಮೇಲೆ ಎತ್ತು ಹೋಯಿತು, ಚಕ್ಕಡಿ ಹೋಯಿತು. ಅವುಗಳ ಸ್ಥಾನಕ್ಕೆ ಮೂರು ಗಾಲಿಯದೋ ನಾಲ್ಕು ಗಾಲಿಯದೋ ಒಂದು ಸರಕಿನ ವಾಹನ ಬಂದಿತು. ಆದರೆ ಎತ್ತಿನ ಜೊತೆಗೆ ಅದರ ತಿಳಿವಳಿಕೆಯೂ ಹೋಗಬೇಕೆಂಬ ನಿಯಮವೇನಿಲ್ಲ. ಆ ಹಳೆಯ ತಿಳಿವಳಿಕೆ ನಮ್ಮದೇ ಒಂದು ಮನೆಯನ್ನು ಹೇಗೆ ಕಾಯಿತೆಂಬುದನ್ನು ಈ ತಿಂಗಳು ವಾಚಕ ಬಂಧುಗಳ ಮುಂದಿಡುತ್ತೇವೆ.

ನಮ್ಮ ಅಕ್ಕನ ಮಗನ ಸಂಸಾರ ಫೋಂಡಾದ ಹತ್ತಿರ ಇದೆ. ಮಳೆಗಾಲ ಕಳೆದು ದೀಪಾವಳಿ ಮುಗಿಯಿತೆಂದರೆ ಅವನ ಜಾತ್ರೆಯ ಕಾಲ ಆರಂಭವಾಗುತ್ತದೆ. ಡಿಸೆಂಬರ್ 3ಕ್ಕೆ ಹಳೆ ಗೋವೆಯ ಫೆಸ್ತ, ಆಮೇಲೆ ಫಾತೊರ್ಪೆಯ ಜಾತ್ರೆ, ಮಾಪುಸಾದಲ್ಲಿ ಬೋಡಗೇಶ್ವರನ ಜಾತ್ರೆ, ವೈಶಾಖದಲ್ಲಿ ಶಿರಗಾಂವದ ಲಯರಾಯಿ ಜಾತ್ರೆ. ನಡುನಡುವೆ ಸಣ್ಣ ಊರುಗಳವು ಎಷ್ಟೋ. ಮಿರ್ಚಿ ಭಜಿ, ಗಿರಮಿಟ್ಟು ಮಾರುವುದು ಅವನ ಉದ್ಯೋಗ. ಒಂದು ಪಿಕಪ್, ಅದರ ಹಿಂದೆ ಎರಡು ಗಾಲಿಯ ಒಂದು ಗಾಡಾ. ಹಗಲು ಆ ಗಾಡಾವೇ ಅಡುಗೆಮನೆ, ರಾತ್ರಿ ಹಲಗೆ ಹಾಸಿದರೆ ಮಕ್ಕಳಿಗೆ ಮಲಗುವ ಮನೆ. ಪರದೇಶಗಳಲ್ಲಿ ಸಂಸಾರ ಸಮೇತ ಪ್ರವಾಸ ಹೋಗುವವರು ವಾಹನದ ಹಿಂದೆ ಕಟ್ಟಿಕೊಳ್ಳುವ ಕ್ಯಾರವಾನಿಗೂ ಇದಕ್ಕೂ ಯಂತ್ರಶಾಸ್ತ್ರದ ದೃಷ್ಟಿಯಿಂದ ಭೇದವಿಲ್ಲ. ಅದು ವಿನೋದಕ್ಕೆ, ಇದು ಹೊಟ್ಟೆಪಾಡಿಗೆ, ಅಷ್ಟೇ ಅಂತರ.

ಪಿಕಪ್ ಹಳೆಯದು. ಸಾಮಾನು ತುಂಬಿ ಗಾಡಾ ಕಟ್ಟಿದಾಗ ಅದರ ಹಿಂಭಾಗ ನೆಲಕ್ಕೆ ಕುಸಿಯುತ್ತಿತ್ತು, ಮೂತಿ ಮೇಲೇಳುತ್ತಿತ್ತು. ರಾತ್ರಿ ಎದುರು ಬರುವವರ ಕಣ್ಣಿಗೇ ದೀಪ ಬೀಳುತ್ತಿತ್ತು. ಅಳಿಯ ಒಂದು ಗ್ಯಾರೇಜಿಗೆ ಹೋದ. ಅದಿರು ಸಾಗಿಸುವ ಲಾರಿಗಳ ಕೆಲಸದಲ್ಲಿ ಕೈ ಪಳಗಿದ ಮಿಸ್ತ್ರಿ ಅಲ್ಲಿದ್ದ. “ಎರಡು ಪಾಟಾ ಹೆಚ್ಚಿಗೆ ಹಾಕಿದರೆ ಮುಗಿಯಿತು” ಎಂದು ಹೇಳಿ, ಹಿಂದಿನ ಕಮಾನಿನ ಕಟ್ಟಿಗೆ ಎರಡೆರಡು ದಪ್ಪ ಪಾಟಾ ಸೇರಿಸಿ ಕಳಿಸಿದ. ವಾಹನ ಎದ್ದು ನಿಂತಿತು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಅಳಿಯ ಆ ಧೈರ್ಯದಲ್ಲಿ ಇನ್ನೆರಡು ಚೀಲ ಹಿಟ್ಟು, ಎರಡು ಡಬ್ಬಿ ಎಣ್ಣೆ ಹೆಚ್ಚಿಗೆ ಏರಿಸಿದ.

ಆ ವಾರವೇ ಕಾಣಕೋಣದ ಕಡೆಯ ಜಾತ್ರೆಗೆ ಹೊರಟಿದ್ದರು. ಬೋರಿ ಸೇತುವೆ ದಾಟಿ, ಮಡಗಾಂವ, ಕುಂಕಳ್ಳಿಗಳನ್ನು ಹಾಯ್ದು ಕರ್ಮಲ್ ಘಾಟ್ ಇಳಿಯುವಾಗ ಹಿಂದಿನ ಗಾಡಾ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಎಡಕ್ಕೂ ಬಲಕ್ಕೂ ಬಾಲ ಬೀಸತೊಡಗಿತು. ತಿರುವಿನಲ್ಲಿ ಎದುರಿಗೊಂದು ಲಾರಿ. ಅಳಿಯ ಬ್ರೇಕನ್ನು ಒತ್ತಿ ತುಳಿದ. ಗಾಡಾ ಹಿಂದಿನಿಂದ ನೂಕಿತು. ಪಿಕಪ್ಪಿನ ಹಿಂಭಾಗ ಅಡ್ಡಕ್ಕೆ ಜಾರಿ, ಅಂಚಿನ ಕಲ್ಲಿಗೆ ತಾಗಿ ನಿಂತಿತು. ಪಕ್ಕದ ಸೀಟಿನಲ್ಲಿ ಸೊಸೆ, ಅವಳ ತೊಡೆಯ ಮೇಲೆ ಚಿಕ್ಕ ಮಗು. ಯಾರಿಗೂ ಗಾಯವಾಗಲಿಲ್ಲ. ಆದರೆ ಆ ಮೇಲೆ ನಾಲ್ಕು ದಿನ ಸೊಸೆ ಆ ವಾಹನವನ್ನು ಹತ್ತಲಿಲ್ಲ.

“ಮಾಮಾ, ಪಾಟಾ ಸಾಕಾಗಿಲ್ಲ ಅನಸ್ತೈತಿ. ಇನ್ನೊಂದು ಹಾಕಸ್ಲೇನ್ರಿ?” ಎಂದು ಅಳಿಯ ನಮ್ಮನ್ನು ಕೇಳಿದ. ನಾವು ಹೋದೆವು. ಆದರೆ ರೋಗವನ್ನು ಕಂಡುಹಿಡಿದವರು ನಾವಲ್ಲ, ನಮ್ಮ ಅಕ್ಕ. ಎಪ್ಪತ್ತು ದಾಟಿದ ಆಕೆ ಕೊಂಡಿ ಬಿಚ್ಚಿ ನಿಲ್ಲಿಸಿದ್ದ ಗಾಡಾದ ಮೂಕಿಯ ಮೇಲೆ ಕೈಯಿಟ್ಟು ಒತ್ತಿದಳು. ಕೈ ತೆಗೆದರೆ ಮೂಕಿ ತಾನಾಗಿ ಮೇಲಕ್ಕೇಳುತ್ತಿತ್ತು. “ಯಪ್ಪಾ, ಇದು ಹಿಂಭಾರ ಆಗೇತಿ. ಎತ್ತು ಹೂಡಿದ್ರ ಅದರ ಕೊರಳು ಬಿಗೀತಿತ್ತು, ಅದು ಒದರತಿತ್ತು. ನಿನ್ನ ಗಾಡಿಗಿ ಬಾಯಿಲ್ಲ, ಅದಕ್ಕ ಸುಮ್ಮನೈತಿ” ಎಂದಳು.

ಚಕ್ಕಡಿ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗಾಲಿಯ ಬಂಡಿ ಅಚ್ಚಿನ ಮೇಲೆ ನಿಂತ ತಕ್ಕಡಿ. ಹೊರೆ ಅಚ್ಚಿನ ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು ಜತ್ತಿಗೆ ಎತ್ತಿನ ಕೊರಳನ್ನು ಒತ್ತುತ್ತದೆ. ಬಹಳ ಮುಂದಕ್ಕೆ ಬಿದ್ದರೆ ನೊಗ ಹೆಗಲನ್ನು ಹುಣ್ಣಾಗಿಸುತ್ತದೆ. ಒಳ್ಳೆಯ ಒಕ್ಕಲಿಗ ಹೊರೆಯನ್ನು ಅಚ್ಚಿಗಿಂತ ತುಸುವೇ ಮುಂದೆ ಕೂರಿಸಿ, ನೊಗದ ಮೇಲೆ ಹಗುರವಾದ ಒಂದು ಭಾರ ಉಳಿಯುವಂತೆ ನೋಡಿಕೊಳ್ಳುತ್ತಿದ್ದ. ಪಿಕಪ್ಪಿನ ಹಿಂದೆ ಕಟ್ಟುವ ಗಾಡಾಕ್ಕೂ ಇದೇ ಸೂತ್ರ. ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಭಾಗ ಕೊಂಡಿಯ ಮೇಲೆ ಕುಳಿತಿರಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ, ಅದರಲ್ಲಿಯೂ ಕೊಂಡಿಯನ್ನು ಮೇಲಕ್ಕೆತ್ತುವಂತಾದರೆ, ವೇಗದಲ್ಲಿ ಗಾಡಾ ಬಾಲ ಬೀಸತೊಡಗುತ್ತದೆ. ಒಂದೊಂದು ಬೀಸೂ ಹಿಂದಿನದಕ್ಕಿಂತ ದೊಡ್ಡದಾಗಬಹುದು. “ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು” ಎಂಬ ಗಾದೆ ಆಗ ರಸ್ತೆಯ ಮೇಲೆಯೇ ನಿಜವಾಗುತ್ತದೆ.

ನಾವು ಗಾಲಿಗಳಿಗೆ ಕಲ್ಲು ಕೊಟ್ಟು ಅಳೆದೇ ನೋಡಿದೆವು. ಎಲ್ಲ ಸಾಮಾನು ತುಂಬಿದ ಗಾಡಾ ಒಟ್ಟು 800 ಕಿಲೋ. ಮೂಕಿಯ ತುದಿಗೆ 20 ಕಿಲೋ ಹಿಟ್ಟಿನ ಚೀಲವೊಂದನ್ನು ತೂಗುಹಾಕಿದಾಗ ಗಾಡಾ ಸಮಕ್ಕೆ ಬಂದಿತು. ಎಂದರೆ ಕೊಂಡಿಯನ್ನು ಕೆಳಕ್ಕೆ ಒತ್ತಬೇಕಾದ ಗಾಡಾ ಅದನ್ನು 20 ಕಿಲೋದಷ್ಟು ಮೇಲಕ್ಕೆ ಎತ್ತುತ್ತಿತ್ತು. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಹಿಂಬದಿಯ ಬಾಗಿಲ ಹತ್ತಿರ, ಅಚ್ಚಿನಿಂದ 1.2 ಮೀಟರ್ ಹಿಂದೆ, 200 ಲೀಟರಿನ ನೀರಿನ ಡ್ರಮ್ ತುಂಬಿ ನಿಂತಿತ್ತು. ಪಾತ್ರೆ ತೊಳೆಯಲು ಅನುಕೂಲವೆಂದು ಅದನ್ನು ಅಲ್ಲಿಟ್ಟಿದ್ದರು. ಅದನ್ನು ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಕ್ಕೆ ತಂದೆವು. ಅಚ್ಚಿನಿಂದ ಕೊಂಡಿಗೆ 3 ಮೀಟರ್ ದೂರ. 200 ಕಿಲೋ ಭಾರ ಒಂದೂವರೆ ಮೀಟರ್ ಸರಿದರೆ, ಮೂರು ಮೀಟರ್ ದೂರದ ಕೊಂಡಿಯ ಮೇಲೆ 100 ಕಿಲೋದ ವ್ಯತ್ಯಾಸ. ಕಿರಾಣಿ ಅಂಗಡಿಯಿಂದ ತಂದ ತೂಕದ ಯಂತ್ರವನ್ನು ಮೂಕಿಯ ಕೆಳಗಿಟ್ಟಾಗ ಅದು ಸರಿಯಾಗಿ 80 ಕಿಲೋ ತೋರಿಸಿತು. ಒಂದು ರೂಪಾಯಿಯ ಪಾಟಾ ಹಾಕದೆ, ಒಂದು ಡ್ರಮ್ ಸರಿಸಿದ್ದರಿಂದ ಆದ ಕೆಲಸ ಇದು.

ಹಾಗಾದರೆ ಕಮಾನಿನ ಪಾಟಾಗಳಿಂದ ಪ್ರಯೋಜನವಿಲ್ಲವೇ? ಇದೆ; ಆದರೆ ಅವುಗಳ ಕೆಲಸವೇನೆಂದು ತಿಳಿದು ಮುಟ್ಟಬೇಕು. ಪಾಟಾಗಳ ಕಟ್ಟು ಬಾಗಿ, ರಸ್ತೆಯ ಪೆಟ್ಟನ್ನು ನುಂಗಿ, ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಒಂದೇ ದಪ್ಪದ ಐದು ಪಾಟಾಗಳಿಗೆ ಆರನೆಯದನ್ನು ಸೇರಿಸಿದರೆ ಬಿಗುವು ಸುಮಾರು ಐದನೆಯ ಒಂದು ಭಾಗ ಹೆಚ್ಚುತ್ತದೆ. ಆದರೆ ಪಾಟಾದ ದಪ್ಪವನ್ನು ಎರಡು ಪಟ್ಟು ಮಾಡಿದರೆ ಅದರ ಬಿಗುವು ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ದಪ್ಪ ಪಾಟಾ ಸೇರಿದ ನಮ್ಮ ಪಿಕಪ್ ಕಮಾನಿನ ಮೇಲೆ ಓಡುತ್ತಿರಲಿಲ್ಲ, ಕೊರಡಿನ ಮೇಲೆ ಓಡುತ್ತಿತ್ತು. ಗುಂಡಿ ಬಂದಾಗ ಹಿಂದಿನ ಗಾಲಿಗಳು ನೆಲ ಬಿಟ್ಟು ಪುಟಿಯುತ್ತಿದ್ದವು. ನೆಲ ಬಿಟ್ಟ ಗಾಲಿಗೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಅಲ್ಲದೆ ಹಿಂಭಾಗ ಅತಿಯಾಗಿ ಎತ್ತರವಾದುದರಿಂದ ಗಾಡಾದ ಮೂಕಿಯೂ ಮೇಲೆದ್ದು, ಮೊದಲೇ ಹಿಂದಿದ್ದ ಭಾರ ಇನ್ನಷ್ಟು ಹಿಂದಕ್ಕೆ ವಾಲಿತ್ತು. ಮದ್ದೇ ರೋಗವನ್ನು ಬೆಳೆಸಿತ್ತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪಾಟಾ ಸೇರಿಸಿದರೆ ವಾಹನ ಎದ್ದು ನಿಲ್ಲುತ್ತದೆ, ಆದರೆ ಅದರ ಹೊರುವ ಶಕ್ತಿ ಹೆಚ್ಚುವುದಿಲ್ಲ. ಆ ಶಕ್ತಿಯನ್ನು ನಿರ್ಧರಿಸುವುದು ಪಾಟಾ ಒಂದೇ ಅಲ್ಲ. ಅಚ್ಚು, ಬೇರಿಂಗು, ಟಾಯರು, ಚಾಸಿ, ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕು. ಕುಸಿದ ಹಿಂಭಾಗ “ಭಾರ ಹೆಚ್ಚಾಯಿತು” ಎಂದು ಕಣ್ಣಿಗೆ ಕಾಣುವಂತೆ ಹೇಳುತ್ತಿರುತ್ತದೆ. ಪಾಟಾ ಸೇರಿಸಿದಾಗ ನಾವು ಭಾರವನ್ನು ಇಳಿಸುವುದಿಲ್ಲ, ಹೇಳುವ ಬಾಯನ್ನು ಮುಚ್ಚುತ್ತೇವೆ. ವೇಬ್ರಿಜ್ಜಿಗೆ ಒಯ್ದು ತೂಗಿಸಿದಾಗ ಅಳಿಯನ ಪಿಕಪ್ ಆರ್.ಸಿ. ಪುಸ್ತಕದಲ್ಲಿ ಬರೆದ ಒಟ್ಟು ತೂಕಕ್ಕಿಂತ ಮೂರು ಕ್ವಿಂಟಲ್ ಹೆಚ್ಚಿತ್ತು.

ಕೊಂಡಿಯ ಮೇಲಿನ ಭಾರವೂ ಪಿಕಪ್ಪಿನ ಹೊರೆಯಲ್ಲಿಯೇ ಸೇರುತ್ತದೆಂಬುದನ್ನು ಬಹಳ ಜನ ಮರೆಯುತ್ತಾರೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಎರಡೂವರೆ ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ ಒಂದು ಮೀಟರ್ ಇದ್ದರೆ, ಕೊಂಡಿಯ ಮೇಲಿನ 80 ಕಿಲೋ ಹಿಂದಿನ ಅಚ್ಚಿನ ಮೇಲೆ 112 ಕಿಲೋ ಆಗುತ್ತದೆ. ಮುಂದಿನ ಅಚ್ಚಿನಿಂದ 32 ಕಿಲೋ ಕಳೆಯುತ್ತದೆ. ಕೋಲಿನ ತುದಿಗೆ ಗಂಟು ಕಟ್ಟಿ ಹೆಗಲ ಮೇಲಿಟ್ಟವನಿಗೆ ಈ ಲೆಕ್ಕ ಅರ್ಥವಾಗುತ್ತದೆ. ವಾಹನವನ್ನು ತಿರುಗಿಸುವುದೂ, ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲೂ ಮುಂದಿನ ಗಾಲಿಗಳದು. ಆದುದರಿಂದ ಮುಂಭಾರವೂ ಅತಿಯಾಗಬಾರದು. ಅಮೆರಿಕದಲ್ಲಿ ದೊಡ್ಡ ಕ್ಯಾರವಾನ್ ಎಳೆಯುವವರು ಕೊಂಡಿಗೆ ಉಕ್ಕಿನ ಉದ್ದ ಸರಳುಗಳಿರುವ ವಿಶೇಷ ಜೋಡಣೆಯನ್ನು ಕೂರಿಸಿ, ಕಳೆದುಹೋದ ಭಾರವನ್ನು ಮುಂದಿನ ಅಚ್ಚಿಗೆ ಮರಳಿ ದೂಡುತ್ತಾರೆ. ನಮ್ಮ ಸಣ್ಣ ಗಾಡಾಗಳಿಗೆ ಅದು ಬೇಕಿಲ್ಲ. ಹೊರೆಯನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಸಾಕು. ಪಿಕಪ್ಪಿನ ಒಳಗೆ ಹೇರುವಾಗಲೂ ಭಾರದ ಚೀಲಗಳು ಚಾಲಕನ ಬೆನ್ನ ಹಿಂದೆಯೇ ಇರಲಿ. ಹಗುರವಾದ ಮಂಡಕ್ಕಿಯ ಚೀಲಗಳು ಕೊನೆಗಿರಲಿ.

ಇದೆಲ್ಲ ಆದ ಮೇಲೆ ಕಮಾನಿನ ಕೆಲಸ. ಹಳೆಯ ಪಾಟಾಗಳು ವರ್ಷಗಳ ಭಾರಕ್ಕೆ ಸೋತು ಕಮಾನು ಕಳೆದುಕೊಂಡಿರುತ್ತವೆ. ಅವನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಬಾಗಿಸಿದರಷ್ಟೇ ಸಾಲದು. ಉಕ್ಕಿಗೆ ಸರಿಯಾದ ಹದ ಮತ್ತೆ ಕೊಡದಿದ್ದರೆ ಅದು ಬೇಗ ಮತ್ತೆ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ. ಆ ವಾಹನಕ್ಕೆಂದೇ ತಯಾರಾದ ಹೊಸ ಕಟ್ಟನ್ನು ಹಾಕಿಸುವುದೇ ಲೇಸು. ಅಳಿಯ ದಪ್ಪ ಪಾಟಾಗಳನ್ನು ತೆಗೆಸಿ ಹಾಗೆಯೇ ಮಾಡಿದ. ಕಮಾನಿನ ತುದಿಯ ಬುಶ್ಶುಗಳು ಸವೆದು ಹೋಗಿದ್ದವು, ಅವನ್ನೂ ಬದಲಿಸಿದ. ಅವು ಸಡಿಲವಾಗಿದ್ದರೆ ಹಿಂದಿನ ಅಚ್ಚೇ ತುಸು ಅತ್ತಿತ್ತ ಆಡಿ ಗಾಡಾದ ಬೀಸಿಗೆ ತಾಳ ಹಾಕುತ್ತದೆ. ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಒಸರುತ್ತಿತ್ತು. ಪಾಟಾ ಪುಟಿಯುವುದನ್ನು ತಡೆಯುವುದು ಅವುಗಳ ಕೆಲಸ. ಅವು ಸತ್ತ ಮೇಲೆ ಎಷ್ಟು ಪಾಟಾ ಇದ್ದರೂ ವಾಹನ ಚೆಂಡಿನಂತೆ ಕುಣಿಯುತ್ತದೆ. ಟಾಯರುಗಳಿಗೆ ತಯಾರಕರು ತುಂಬಿದ ಹೊರೆಗೆ ಹೇಳಿದಷ್ಟು ಗಾಳಿ ಹಾಕಿಸಿದ್ದಾಯಿತು. ಹೊಸ ಕಟ್ಟು ಹಾಕಿಸಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅದರ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು. ಹೊರೆಯಿದ್ದಾಗ ಮಾತ್ರ ಕೆಲಸಕ್ಕೆ ಬರುವ ಹೆಲ್ಪರ್ ಪಾಟಾಗಳೂ ಇರುತ್ತವೆ. ಪದೇ ಪದೇ ಖಾಲಿ ಓಡುವ ವಾಹನಕ್ಕೆ ಅವು ಉಪಯುಕ್ತ, ಆದರೆ ತಯಾರಕರು ಒಪ್ಪಿದ್ದನ್ನೇ ಹಾಕಿಸಬೇಕು.

ಗೋವೆಯಲ್ಲಿರುವವರು ತುಕ್ಕನ್ನು ಮರೆಯಬಾರದು. ಕಡಲ ಉಪ್ಪುಗಾಳಿ, ಅದರ ಮೇಲೆ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ. ಪಾಟಾಗಳ ಸಂದಿಯಲ್ಲಿ ಕೆಂಪು ಪುಡಿ ಕಂಡರೆ, ಕೊಂಡಿಯನ್ನು ಕೂರಿಸಿದ ಚಾಸಿಯ ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಮಳೆಗಾಲ ಮುಗಿದೊಡನೆ ಮೊದಲ ಜಾತ್ರೆಗಿಂತ ಮುಂಚೆ ಒಮ್ಮೆ ವಾಹನದ ಕೆಳಗೆ ದೀಪ ಹಿಡಿದು ನೋಡುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು.

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ ಎಂಬುದನ್ನು ನಮ್ಮ ಭಾಗದ ರೈಲುಮಾರ್ಗವೇ ಕಲಿಸುತ್ತದೆ. ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯುವ ಘಟ್ಟದಲ್ಲಿ ಹಳಿ 37 ಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತದೆ. ಅಲ್ಲಿ ರೈಲಿಗೆ ಹೆಚ್ಚಿನ ಇಂಜಿನುಗಳನ್ನು ಜೋಡಿಸುವುದು ಏರುವಾಗ ನೂಕುವುದಕ್ಕೆ ಮಾತ್ರವಲ್ಲ, ಇಳಿಯುವಾಗ ಹಿಡಿಯುವುದಕ್ಕೂ ಹೌದು. ರಸ್ತೆಯ ಘಟ್ಟಗಳು ಇದಕ್ಕಿಂತ ಕಡಿದು. 15ಕ್ಕೆ ಒಂದರ ಇಳಿಜಾರಿನಲ್ಲಿ 800 ಕಿಲೋದ ಗಾಡಾ 53 ಕಿಲೋದಷ್ಟು ಬಲದಿಂದ ಎಡೆಬಿಡದೆ ನೂಕುತ್ತಿರುತ್ತದೆ. ಬ್ರೇಕಿಲ್ಲದ ಗಾಡಾವನ್ನೂ ಪಿಕಪ್ಪಿನ ಬ್ರೇಕೇ ನಿಲ್ಲಿಸಬೇಕು: 2,400 ಕಿಲೋದ ಪಿಕಪ್ 30 ಮೀಟರಿನಲ್ಲಿ ನಿಲ್ಲುತ್ತಿದ್ದರೆ, ಹಿಂದೆ 800 ಕಿಲೋ ಕಟ್ಟಿಕೊಂಡಾಗ ಅದೇ ಬಲಕ್ಕೆ 40 ಮೀಟರ್ ಬೇಕು. ಆ ಹತ್ತು ಮೀಟರಿನಲ್ಲಿ ಒಂದು ಲಾರಿ ಇರುತ್ತದೆ, ಇಲ್ಲವೇ ಒಂದು ಮಗು. ಗಾಡಾ ನೂಕಿದೊಡನೆ ತನ್ನ ಗಾಲಿಗಳನ್ನು ತಾನೇ ಹಿಡಿದುಕೊಳ್ಳುವ ಬ್ರೇಕುಗಳಿವೆ. ಪಾಟಾಕ್ಕೆ ಸುರಿಯುವ ಹಣವನ್ನು ಅದಕ್ಕೆ ಹಾಕಿದರೆ ಸಾರ್ಥಕ. ಘಟ್ಟ ಇಳಿಯುವಾಗ, ಅದು ಅನಮೋಡವಿರಲಿ ಚೋರ್ಲಾ ಇರಲಿ, ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಗಾಡಾ ಬೀಸತೊಡಗಿದರೆ ಬ್ರೇಕನ್ನು ಒತ್ತಿ ತುಳಿಯದೆ, ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸದೆ ನೇರವಾಗಿ ಹಿಡಿದು, ಎಕ್ಸಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯುವಂತೆ ಮಾಡಬೇಕು. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿರಬೇಕು. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಚುಚ್ಚದೆ ಅವುಗಳ ಮೇಲೆ ಬೀಳುತ್ತದೆ. ಓಡುತ್ತಿರುವ ಗಾಡಾದ ಒಳಗೆ ಮಕ್ಕಳನ್ನು ಎಂದಿಗೂ ಕೂರಿಸಬಾರದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. 1988ರ ಮೋಟಾರು ವಾಹನ ಕಾಯದೆಯಲ್ಲಿ ಟ್ರೇಲರ್ ಎಂಬುದು ಬೇರೆಯೇ ಒಂದು ವಾಹನ. ಅದಕ್ಕೆ ತನ್ನದೇ ನೋಂದಣಿ ಬೇಕು. ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಮೇಲೆ ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ಕರ್ನಾಟಕದ ನಂಬರಿನ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಗೋವೆಯಲ್ಲಿ ಇಟ್ಟುಕೊಂಡವರು 47ನೆಯ ಕಲಮಿನಂತೆ ಇಲ್ಲಿಯ ನೋಂದಣಿಗೆ ಅರ್ಜಿ ಕೊಡಬೇಕು. ಊರು ಬಿಟ್ಟು ಬಂದವರ ಕಾಗದಪತ್ರಗಳನ್ನು ನಾಲ್ಕು ಸಲ ನೋಡುತ್ತಾರೆಂಬುದು ನಮ್ಮೆಲ್ಲರ ಅನುಭವ. ಅಪಘಾತವಾದ ದಿನ ವಿಮೆಯವರೂ ಅವುಗಳನ್ನೇ ಕೇಳುತ್ತಾರೆ.

ಎಲ್ಲವೂ ಸುಲಭವಾಗಿ ಮುಗಿಯಿತೆಂದು ಹೇಳಲಾರೆವು. ಮೂರು ಕ್ವಿಂಟಲ್ ಇಳಿಸಬೇಕೆಂದಾಗ ಅಳಿಯನ ಮುಖ ಸಣ್ಣದಾಯಿತು. ದೊಡ್ಡ ಜಾತ್ರೆಗೆ ಎರಡು ಖೇಪು ಮಾಡಬೇಕು. ಡೀಸೆಲ್ಲಿಗೆ ಹಣ, ಮೇಲೆ ಅರ್ಧ ದಿನದ ವ್ಯಾಪಾರ ಹೋಗುತ್ತದೆ. “ಮಾಮಾ, ನಾಲ್ಕು ತಿಂಗಳ ದುಡಿಮಿಲೆ ವರ್ಷ ತಿನ್ನಬೇಕ್ರಿ ನಾವು” ಎಂದ. ಅದು ಸುಳ್ಳಲ್ಲ. ನಾವು ಉತ್ತರ ಹುಡುಕುತ್ತಿರುವಾಗ ಸೊಸೆ ಒಳಗಿನಿಂದ, “ಎರಡು ಖೇಪು ಮಾಡೂದಿದ್ರ ನಾನು ಹತ್ತತೇನಿ. ಒಂದ ಖೇಪು ಅಂದ್ರ ನೀವ ಹೋಗ್ರಿ” ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಈಗ ಡ್ರಮ್ ಖಾಲಿಯಾಗಿಯೇ ಪ್ರಯಾಣ ಮಾಡುತ್ತದೆ. ನೀರನ್ನು ಮುಟ್ಟಿದ ಊರಿನಲ್ಲಿ ತುಂಬಿಸಿಕೊಳ್ಳುತ್ತಾರೆ. ಗಾಡಾ 600 ಕಿಲೋಗೆ ಇಳಿದಿದೆ, ಕೊಂಡಿಯ ಮೇಲೆ 60. ಗಾಡಾಕ್ಕೆ ಬ್ರೇಕು ಬಂದಿದೆ, ನಂಬರು ಬಂದಿದೆ. ಈಚೆಗೆ ಅವರೊಡನೆ ಕರ್ಮಲ್ ಘಾಟ್ ಇಳಿದೆವು. ಹಿಂದೊಂದು ಗಾಡಾ ಇದೆಯೆಂಬುದೇ ಕನ್ನಡಿ ನೋಡುವವರೆಗೆ ತಿಳಿಯಲಿಲ್ಲ. ಹೊರಡುವ ಮೊದಲು ಅಕ್ಕ ಬಂದು ಮೂಕಿಯ ಮೇಲೆ ಕೈಯಿಟ್ಟು ಒಮ್ಮೆ ಒತ್ತಿ ನೋಡಿ, “ಹೂಂ, ಹೋಗ್ರಿ” ಎಂದಿದ್ದಳು. ಗಾಡಾ ಎಳೆದು ಬದುಕುವ ನಮ್ಮ ವಾಚಕರು ಗ್ಯಾರೇಜಿಗೆ ಹೋಗುವ ಮುಂಚೆ ತಮ್ಮ ಮನೆಯ ಹಿರಿಯರನ್ನೊಮ್ಮೆ ಕರೆದು ಮೂಕಿ ಮುಟ್ಟಿಸಲಿ. ಆಮೇಲೆ ತಕ್ಕಡಿ ತಂದು ತೂಗಲಿ. ಪಾಟಾದ ವಿಚಾರ ಅದಾದ ನಂತರ.